ಒಂದೇ ಸ್ಕ್ರಿಪ್ಟನ್ನು ಹಲವು ವಸ್ತುಗಳಿಗೆ ಬಳಸುವುದು ಹೇಗೆ? ಮಿರ್ಜಾನ್ ಕೋಟೆಯ ಟೆಕ್ಸ್ಟ್ ಅಡ್ವೆಂಚರ್ ಬಗ್ಗೆ

ಕಾಳಿಸಂಗಮ, ಕಾರವಾರ

ನಮಸ್ಕಾರ ಎಲ್ಲರಿಗೂ.

ಕನ್ನಡದಲ್ಲೇ ಟೈಪ್ ಮಾಡಿ ಆಡುವ ಒಂದು ಟೆಕ್ಸ್ಟ್ ಅಡ್ವೆಂಚರ್ ಕಟ್ಟುತ್ತಿದ್ದೇನೆ. ಕಥೆ ನಡೆಯುವುದು ಮಿರ್ಜಾನ್ ಕೋಟೆಯಲ್ಲಿ. ಕಾಲ 16ನೇ ಶತಮಾನ, ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳುತ್ತಿದ್ದ ದಿನಗಳು. ಅಘನಾಶಿನಿ ನದಿಯಲ್ಲಿ ಭರತ (ಸಮುದ್ರದ ನೀರಿನ ಏರು) ಬರುವುದರೊಳಗೆ ಕಾಳುಮೆಣಸಿನ ಚೀಲಗಳನ್ನು ದೋಣಿಗೆ ತುಂಬಬೇಕು. ಒಂದು ಚೀಲ ಕಾಣೆಯಾಗಿದೆ. ಆಟಗಾರ ದೋಣಿಯವನ ಮಗ. ರಾತ್ರಿಯಿಡೀ ಕೋಟೆಯೊಳಗೆ ತಿರುಗಿ ಅದನ್ನು ಹುಡುಕಬೇಕು.

ರಾತ್ರಿ ಅಂದಮೇಲೆ ದೀಪ ಬೇಕೇ ಬೇಕು. ಗೋಡೆಯ ಗೂಡುಗಳಲ್ಲಿ ಹಣತೆಗಳಿವೆ, ಹೆಬ್ಬಾಗಿಲ ಬಳಿ ದೊಂದಿ ಇದೆ, ಗುಡಿಯಲ್ಲಿ ತೂಗುದೀಪ ಇದೆ, ದೋಣಿಯಲ್ಲಿ ತೆಂಗಿನ ಗರಿಯ ಸೂಡಿ ಇದೆ. ಪ್ರತಿಯೊಂದಕ್ಕೂ ಹಚ್ಚುವ, ಆರಿಸುವ ಸ್ಕ್ರಿಪ್ಟ್ (ಆಟಕ್ಕೆ ಕೊಡುವ ಸೂಚನೆಗಳ ಸಾಲು) ಬೇಕು. ಸ್ಕ್ರಿಪ್ಟ್ ಮಾಡುವ ಕೆಲಸ ಇಷ್ಟು: ಕೈಯಲ್ಲಿ ಬೆಂಕಿ ಇದೆಯಾ ನೋಡು, ದೀಪದಲ್ಲಿ ಎಣ್ಣೆ ಇದೆಯಾ ನೋಡು, ಗಾಳಿ ಬೀಸುವ ಜಾಗವಾ ನೋಡು. ಎಲ್ಲ ಸರಿ ಇದ್ದರೆ ದೀಪ ಹೊತ್ತಿದೆ ಅಂತ ಗುರುತು ಹಾಕು, ಕೋಣೆಯ ಕತ್ತಲೆ ತೆಗೆ, ಆಟಗಾರನಿಗೆ ಒಂದು ಮಾತು ಹೇಳು.

ಬಳಸುತ್ತಿರುವುದು ಇಂಥ ಆಟ ಕಟ್ಟುವ ತಂತ್ರಾಂಶ ಕ್ವೆಸ್ಟ್ 5, ವಿಂಡೋಸ್ ಆವೃತ್ತಿ. ಈಗ ಒಂದು ಹಣತೆಯ ಸ್ಕ್ರಿಪ್ಟನ್ನು ಎಲ್ಲ ದೀಪಗಳಿಗೂ ಕಾಪಿ ಮಾಡಬಹುದು. ಆದರೆ ನಾಳೆ ಮಳೆ ಬಂದರೆ ದೀಪ ಆರಬೇಕು ಅಂತ ಅನಿಸಿದರೆ ಪ್ರತಿಯೊಂದು ದೀಪದ ಬಳಿಗೂ ಹೋಗಿ ಆ ಸಾಲು ಸೇರಿಸಬೇಕು. ಬಾಗಿಲುಗಳ ಕಥೆಯೂ ಇದೇ, ಬಾವಿಗಳ ಕಥೆಯೂ ಇದೇ. ಒಂದೇ ಜಾಗದಲ್ಲಿ ಬರೆದು ಎಲ್ಲ ವಸ್ತುಗಳೂ ಅದನ್ನೇ ಬಳಸುವ ಹಾಗೆ ಮಾಡಲು ಏನು ದಾರಿ? ಒಂದು ಮಾತು: ಕೆಲಸ ಒಂದೇ ಆದರೂ ಆಟಗಾರನಿಗೆ ಕಾಣುವ ವಾಕ್ಯ ಒಂದೊಂದು ದೀಪಕ್ಕೂ ಬೇರೆ ಇರಬೇಕು. ಗುಡಿಯ ದೀಪಕ್ಕೂ ದೋಣಿಯ ಸೂಡಿಗೂ ಒಂದೇ ವಾಕ್ಯ ಬಂದರೆ ಓದಲು ಚೆನ್ನಾಗಿರುವುದಿಲ್ಲ.


ಬೇಲೆಕೇರಿ, ಅಂಕೋಲಾ

ಫಂಕ್ಷನ್ ಬರೆಯಿರಿ, ಅಂದರೆ ಹೆಸರಿಟ್ಟು ಎಲ್ಲಿಂದ ಬೇಕಾದರೂ ಕರೆಯಬಹುದಾದ ಸ್ಕ್ರಿಪ್ಟ್. ಅದಕ್ಕೆ ಒಂದು ಪ್ಯಾರಾಮೀಟರ್ ಕೊಡಿ, ಯಾವ ದೀಪ ಅಂತ. ಪ್ರತಿ ದೀಪದ ಸ್ಕ್ರಿಪ್ಟಿನಲ್ಲಿ ಆ ಫಂಕ್ಷನ್ ಕರೆಯುವ ಒಂದೇ ಸಾಲು ಇರಲಿ. ಮಳೆ ಬಂದರೂ ಗಾಳಿ ಬಂದರೂ ಬದಲಾವಣೆ ಒಂದೇ ಕಡೆ. ವಾಕ್ಯ ಬೇರೆ ಬೇಕು ಅಂದರೆ ಫಂಕ್ಷನ್ ಒಳಗೆ 'ಇದು ಹಣತೆಯಾದರೆ ಹೀಗೆ ಹೇಳು, ದೊಂದಿಯಾದರೆ ಹಾಗೆ ಹೇಳು' ಅಂತ ಹಾಕಿದರಾಯಿತು. ಹತ್ತು ನಿಮಿಷದ ಕೆಲಸ.


ತೋಟಪಟ್ಟಿ, ಶಿರಸಿ

ಬೇಲೆಕೇರಿಯವರು ಹೇಳಿದ ಮೊದಲ ಅರ್ಧ ಸರಿ. ಎರಡನೇ ಅರ್ಧ ನನಗೆ ಒಪ್ಪಿಗೆ ಇಲ್ಲ. ಫಂಕ್ಷನ್ ಒಳಗೆ ಪ್ರತಿ ದೀಪದ ಹೆಸರು ಹಿಡಿದು 'ಇದಾದರೆ, ಅದಾದರೆ' ಅಂತ ಬರೆಯುತ್ತಾ ಹೋದರೆ ಹೊಸ ದೀಪ ಸೇರಿಸಿದಾಗಲೆಲ್ಲ ಫಂಕ್ಷನ್ ತೆರೆಯಬೇಕಾಗುತ್ತದೆ. ಹಂಚಿಕೊಂಡ ಕೋಡಿಗೆ ಯಾವ ದೀಪದ ಹೆಸರೂ ಗೊತ್ತಿರಬಾರದು. ಅದಕ್ಕೆ ಗೊತ್ತಿರಬೇಕಾದದ್ದು ದೀಪ ಅಂದರೆ ಏನು ಅನ್ನುವುದು ಮಾತ್ರ.

ನಮ್ಮ ಕಡೆಯವರಿಗೆ ಯಕ್ಷಗಾನ ಗೊತ್ತಲ್ವಾ. ಪ್ರಸಂಗದ ಪದ್ಯ ಒಂದೇ, ಭಾಗವತರು ಎಲ್ಲ ಕಡೆ ಅದನ್ನೇ ಹಾಡುತ್ತಾರೆ. ಅರ್ಥ ಹೇಳುವುದು ಮಾತ್ರ ಆಯಾ ವೇಷಧಾರಿ. ನಿಮ್ಮ ಆಟದಲ್ಲೂ ಹಂಚಿಕೊಂಡ ಸ್ಕ್ರಿಪ್ಟ್ ಪದ್ಯ, ವಸ್ತುವಿನ ಮೇಲೆ ಬರೆದಿಟ್ಟ ವಾಕ್ಯ ಅರ್ಥ.

ಅಂದರೆ, ವಾಕ್ಯವನ್ನು ಫಂಕ್ಷನ್ ಒಳಗೆ ಹಾಕಬೇಡಿ. ಪ್ರತಿ ದೀಪಕ್ಕೂ 'ಹೊತ್ತಿದಾಗಿನ ಮಾತು' ಅಂತ ಒಂದು ಆಟ್ರಿಬ್ಯೂಟ್ (ವಸ್ತುವಿನ ಮೇಲೆ ಬರೆದಿಡುವ ವಿವರ) ಕೊಡಿ. ಎಣ್ಣೆ ಎಷ್ಟಿದೆ ಅನ್ನುವುದು ಇನ್ನೊಂದು ಆಟ್ರಿಬ್ಯೂಟ್. ಗಾಳಿಗೆ ಆರುತ್ತದೆಯೋ ಇಲ್ಲವೋ ಅನ್ನುವುದು ಮತ್ತೊಂದು. ಫಂಕ್ಷನ್ ಇವನ್ನು ಓದಿ ಕೆಲಸ ಮಾಡಲಿ. ಹೊಸ ದೀಪ ಬಂದಾಗ ಈ ಮೂರು ತುಂಬಿದರೆ ಮುಗಿಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕ್ವೆಸ್ಟ್ 5ರ ಡೆಸ್ಕ್‌ಟಾಪ್ ಎಡಿಟರ್‌ನಲ್ಲಿ ಆಬ್ಜೆಕ್ಟ್ ಟೈಪ್ ಅಂತ ಇದೆ, ಹಲವು ವಸ್ತುಗಳಿಗೆ ಒಂದೇ ಅಚ್ಚು ಇದ್ದ ಹಾಗೆ. 'ದೀಪ' ಅನ್ನುವ ಟೈಪ್ ಮಾಡಿ. ಹಚ್ಚುವ ಸ್ಕ್ರಿಪ್ಟ್, ಆರಿಸುವ ಸ್ಕ್ರಿಪ್ಟ್, ಎಣ್ಣೆಯ ಆರಂಭದ ಅಳತೆ, ಒಂದು ಸಾಮಾನ್ಯ ವಾಕ್ಯ, ಎಲ್ಲವೂ ಆ ಟೈಪಿನ ಮೇಲೆ ಇರಲಿ. ಆಮೇಲೆ ಪ್ರತಿ ದೀಪಕ್ಕೂ ಆ ಟೈಪನ್ನು ಇನ್ಹೆರಿಟ್ ಮಾಡಿಸಿ. ಒಂದು ವಸ್ತುವಿನ ಮೇಲೆ ಅದೇ ಹೆಸರಿನ ಆಟ್ರಿಬ್ಯೂಟ್ ನೀವೇ ಬರೆದರೆ ಅದು ಗೆಲ್ಲುತ್ತದೆ. ಬರೆಯದಿದ್ದರೆ ಟೈಪಿನದು ಬರುತ್ತದೆ. ಗೂಡಿನ ಸಾಮಾನ್ಯ ಹಣತೆಗಳಿಗೆ ಏನೂ ಬರೆಯಬೇಕಾಗಿಲ್ಲ. ಗುಡಿಯ ತೂಗುದೀಪಕ್ಕೆ ಅದರದ್ದೇ ವಾಕ್ಯ ಬರೆದರೆ ಸಾಕು.

ಇಲ್ಲಿ ಮುಖ್ಯ ಪದ 'ದಿಸ್'. ಟೈಪಿನ ಮೇಲಿನ ಸ್ಕ್ರಿಪ್ಟಿನಲ್ಲಿ ಯಾವ ವಸ್ತುವಿನ ಹೆಸರನ್ನೂ ಬರೆಯಬಾರದು, 'ದಿಸ್' ಅಂತ ಬರೆಯಬೇಕು. ಆಟ ಓಡುವಾಗ ಯಾವ ವಸ್ತುವಿನ ಸ್ಕ್ರಿಪ್ಟ್ ನಡೆಯುತ್ತಿದೆಯೋ ಆ ವಸ್ತುವೇ 'ದಿಸ್' ಆಗುತ್ತದೆ. ಗಮನ ಇರಲಿ, ಇದು ವಸ್ತುವಿಗೆ ಅಂಟಿದ ಸ್ಕ್ರಿಪ್ಟಿನಲ್ಲಿ ಮಾತ್ರ. ಅಲ್ಲಿಂದ ಒಂದು ಫಂಕ್ಷನ್ ಕರೆದರೆ ಫಂಕ್ಷನ್ ಒಳಗೆ 'ದಿಸ್' ಸಿಗುವುದಿಲ್ಲ. ಕರೆಯುವಾಗಲೇ 'ದಿಸ್' ಅನ್ನು ಪ್ಯಾರಾಮೀಟರ್ ಆಗಿ ಕೊಟ್ಟು ಕಳಿಸಬೇಕು. 'ಡೂ' ಕಮಾಂಡಿನಿಂದ ವಸ್ತುವಿನ ಸ್ಕ್ರಿಪ್ಟ್ ನಡೆಸಿದರೆ 'ದಿಸ್' ಸರಿಯಾಗಿ ಬರುತ್ತದೆ.


ಕಾಳಿಸಂಗಮ, ಕಾರವಾರ

ತೋಟಪಟ್ಟಿಯಣ್ಣ, ತುಂಬಾ ಥ್ಯಾಂಕ್ಸ್. ಟೈಪ್ ಮಾಡಿ ನೋಡಿದೆ, ಹಣತೆಗಳು ಎಲ್ಲವೂ ಸರಿಯಾಗಿ ಹೊತ್ತುತ್ತಿವೆ. ಒಂದು ಕಡೆ ಕಟ್ಟಿಹಾಕಿದ ಹಾಗಾಗಿದೆ. ಗುಡಿಯ ತೂಗುದೀಪ ಹಚ್ಚಿದಾಗ ಸಾಮಾನ್ಯ ಕೆಲಸ ಎಲ್ಲ ಆಗಬೇಕು, ಅದರ ಜೊತೆಗೆ ಗೋಡೆಯ ಮೇಲಿನ ಒಂದು ಗುರುತೂ ಕಾಣಬೇಕು. ತೂಗುದೀಪಕ್ಕೆ ಬೇರೆ ಹಚ್ಚುವ ಸ್ಕ್ರಿಪ್ಟ್ ಬರೆದರೆ ಟೈಪಿನದು ಪೂರ್ತಿ ಹೋಗುತ್ತದೆ. ಮತ್ತೆ ಎಲ್ಲ ಸಾಲುಗಳನ್ನೂ ಕಾಪಿ ಮಾಡಬೇಕಾ?


ತೋಟಪಟ್ಟಿ, ಶಿರಸಿ

ಬೇಡ. ಇಂಥ ಆಟಗಳಿಗೇ ಇರುವ ಟ್ಯಾಡ್ಸ್‌ನಂಥ ಭಾಷೆಯಲ್ಲಿ 'ಇನ್ಹೆರಿಟೆಡ್' ಅಂತ ಒಂದು ಪದ ಬರೆದರೆ ಮೇಲಿನ ಕ್ಲಾಸಿನ (ನಮ್ಮ ಟೈಪಿನಂಥದ್ದು) ಕೆಲಸ ಮಾಡಿಸಿ, ಅದರ ಮೇಲೆ ನಿಮ್ಮದನ್ನು ಸೇರಿಸಬಹುದು. ಕ್ವೆಸ್ಟ್‌ನಲ್ಲಿ ಆ ಸೌಕರ್ಯ ಇಲ್ಲ. ವಸ್ತುವಿನ ಸ್ಕ್ರಿಪ್ಟ್ ಬಂದರೆ ಟೈಪಿನ ಸ್ಕ್ರಿಪ್ಟ್ ಇಲ್ಲ.

ದಾರಿ ಏನೆಂದರೆ, ಟೈಪಿನ ಸ್ಕ್ರಿಪ್ಟಿನ ಕೊನೆಯಲ್ಲಿ ಒಂದು ಜಾಗ ಖಾಲಿ ಬಿಡಿ. 'ಈ ವಸ್ತುವಿಗೆ ಹಚ್ಚಿದ ಮೇಲಿನ ಸ್ಕ್ರಿಪ್ಟ್ ಅಂತ ಏನಾದರೂ ಇದೆಯಾ? ಇದ್ದರೆ ಅದನ್ನು ನಡೆಸು.' ಇಷ್ಟೇ. ಹಣತೆಗಳಿಗೆ ಅದು ಇಲ್ಲ, ಏನೂ ಆಗುವುದಿಲ್ಲ. ತೂಗುದೀಪಕ್ಕೆ ಗುರುತು ತೋರಿಸುವ ನಾಲ್ಕು ಸಾಲು ಅಲ್ಲಿ ಬರೆಯಿರಿ. ಇದೇ ಥರ ಮೊದಲಲ್ಲೂ ಒಂದು ಜಾಗ ಬಿಡಬಹುದು. 'ಹಚ್ಚಲು ಅಡ್ಡಿ ಇದೆಯಾ' ಅಂತ ಕೇಳುವ ಸ್ಕ್ರಿಪ್ಟ್. ಅರ್ಚಕರು ಮಲಗದೆ ಗುಡಿಯ ದೀಪ ಮುಟ್ಟುವ ಹಾಗಿಲ್ಲ ಅಂತ ಕಥೆಯಲ್ಲಿದ್ದರೆ ಅದು ಅಲ್ಲಿ ಕೂರುತ್ತದೆ. ದೀಪ ಟೈಪಿಗೆ ಅರ್ಚಕರ ವಿಷಯ ಗೊತ್ತಾಗುವುದೇ ಬೇಡ.

ಇನ್ನೊಂದು ಸಲಹೆ. ಹೊಸ ಟೈಪ್ ಬರೆಯುವ ಮುಂಚೆ ಕ್ವೆಸ್ಟ್‌ನ ಕೋರ್ ಲೈಬ್ರರಿ (ಅದರ ಜೊತೆಗೇ ಬರುವ ಸಿದ್ಧ ಕೋಡು) ತೆರೆದು ಓದಿ. ತೆರೆಯುವ ಪೆಟ್ಟಿಗೆ, ಬೀಗ ಹಾಕುವ ಬಾಗಿಲು, ಆನ್ ಆಫ್ ಆಗುವ ವಸ್ತು, ತಿನ್ನುವ ವಸ್ತು, ಎಲ್ಲವನ್ನೂ ಅವರು ಇದೇ ಟೈಪುಗಳಲ್ಲೇ ಕಟ್ಟಿದ್ದಾರೆ. ನಿಮ್ಮ ಬಾಗಿಲುಗಳಿಗೆ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ.


ಶರಾವತಿದಡ, ಹೊನ್ನಾವರ

ನನ್ನ ಬಳಿ ವಿಂಡೋಸ್ ಇಲ್ಲ, ಬ್ರೌಸರ್‌ನಲ್ಲೇ ಆಟ ಮಾಡುವುದು. ಕ್ವೆಸ್ಟ್ 5ರ ಬ್ರೌಸರ್ ಎಡಿಟರ್‌ನಲ್ಲಿ ನಮ್ಮದೇ ಟೈಪ್ ಮಾಡುವ ಆಯ್ಕೆ ಇಲ್ಲ, ನಮ್ಮ ಲೈಬ್ರರಿ ಸೇರಿಸಲೂ ಆಗುವುದಿಲ್ಲ. ಈ ಚರ್ಚೆ ಓದುವವರಲ್ಲಿ ನನ್ನಂಥವರೂ ಇರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ.

ಸ್ಕ್ರಿಪ್ಟ್ ಕೂಡ ಒಂದು ಆಟ್ರಿಬ್ಯೂಟ್ ತಾನೇ. ಸಂಖ್ಯೆ, ಪಠ್ಯ ಕೊಟ್ಟ ಹಾಗೆ ಅದನ್ನೂ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಕೊಡಬಹುದು. ಆಟಗಾರ ಯಾವತ್ತೂ ಹೋಗಲಾಗದ ಒಂದು ಕೋಣೆ ಮಾಡಿ. ಅದರಲ್ಲಿ ಒಂದು 'ಮಾದರಿ ದೀಪ' ಇಡಿ. ಸ್ಕ್ರಿಪ್ಟುಗಳನ್ನೆಲ್ಲ ಅದಕ್ಕೆ ಬರೆಯಿರಿ, 'ದಿಸ್' ಬಳಸಿ. ಆಟದ ಆರಂಭದ ಸ್ಕ್ರಿಪ್ಟಿನಲ್ಲಿ ಎಲ್ಲ ವಸ್ತುಗಳನ್ನೂ ಒಂದು ಸುತ್ತು ನೋಡಿ, 'ದೀಪ' ಅನ್ನುವ ಗುರುತು ಇರುವ ವಸ್ತುಗಳಿಗೆಲ್ಲ ಮಾದರಿಯ ಹಚ್ಚುವ, ಆರಿಸುವ ಸ್ಕ್ರಿಪ್ಟ್ ಕೊಡಿ. ಆ ವಸ್ತುವಿಗೆ ಅದರದ್ದೇ ಸ್ಕ್ರಿಪ್ಟ್ ಮೊದಲೇ ಇದ್ದರೆ ಮುಟ್ಟಬೇಡಿ. ಟೈಪಿನ ಮುಖ್ಯ ಲಾಭ ಹೀಗೆ ಸಿಕ್ಕಿತು.

ಒಂದು ವ್ಯತ್ಯಾಸ ಇದೆ. ಆಟ ಅರ್ಧ ನಡೆದ ಮೇಲೆ ಮಾದರಿ ದೀಪಕ್ಕೆ ಹೊಸ ಸ್ಕ್ರಿಪ್ಟ್ ಕೊಟ್ಟರೆ ಉಳಿದವುಗಳಲ್ಲಿ ಹಳೆಯದೇ ಇರುತ್ತದೆ. ಆಗ ಮತ್ತೆ ಒಂದು ಸುತ್ತು ಹಂಚಬೇಕು. ಹಂಚುವುದನ್ನೇ ಒಂದು ಫಂಕ್ಷನ್ ಮಾಡಿಟ್ಟರೆ ಸುಲಭ.

ಮೆಣಸಿನ ಚೀಲಗಳಿಗೆ ನಾನಾದರೆ ಕ್ಲೋನ್ ಬಳಸುತ್ತೇನೆ. ಒಂದು ಚೀಲ ಪೂರ್ತಿ ಮಾಡಿ, ಆಟ ಶುರುವಾದಾಗ ಬೇಕಾದಷ್ಟು ಕ್ಲೋನ್ ಮಾಡಿ ಉಗ್ರಾಣಕ್ಕೆ ಹಾಕುವುದು. ಕ್ಲೋನಿನ ಒಳಹೆಸರಿನ ಕೊನೆಗೆ ಕ್ವೆಸ್ಟ್ ತಾನೇ ಒಂದು ಸಂಖ್ಯೆ ಸೇರಿಸುತ್ತದೆ. ಸ್ಕ್ರಿಪ್ಟಿನಲ್ಲಿ ಮೂಲ ಚೀಲದ ಹೆಸರು ಬರೆದಿದ್ದರೆ ಯಾವ ಚೀಲ ಬಿಚ್ಚಿದರೂ ಮೂಲ ಚೀಲವೇ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಅಲ್ಲೂ 'ದಿಸ್'.


ಬೇಲೆಕೇರಿ, ಅಂಕೋಲಾ

ವಾಕ್ಯಗಳ ಬಗ್ಗೆ ತೋಟಪಟ್ಟಿ ಹೇಳಿದ್ದು ಒಪ್ಪುತ್ತೇನೆ, ಆಟ್ರಿಬ್ಯೂಟಿನಲ್ಲಿ ಇರುವುದೇ ಸರಿ. ಆದರೆ ಎಲ್ಲದಕ್ಕೂ ಟೈಪ್ ಬೇಡ. ಇಡೀ ಆಟದಲ್ಲಿ ಎರಡೇ ಬಾವಿ ಇದ್ದರೆ ಕಾಪಿ ಮಾಡಿ ಮುಂದೆ ಹೋಗಿ. ಕಥೆ ಮುಗಿಸುವುದು ಮುಖ್ಯ. ಮೂರನೆಯದು ಬಂದಾಗ ಟೈಪ್ ಮಾಡಿದರೆ ಸಾಕು, ಅಷ್ಟು ಹೊತ್ತಿಗೆ ಯಾವುದು ನಿಜವಾಗಿ ಒಂದೇ, ಯಾವುದು ಬೇರೆ ಅನ್ನುವುದೂ ಗೊತ್ತಾಗಿರುತ್ತದೆ.

ಅಂದಹಾಗೆ, ಇದು ಈ ಆಟಗಳಷ್ಟೇ ಹಳೆಯ ಯೋಚನೆ. 1977ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಜೋರ್ಕ್ ಆಟವನ್ನು ಆಮೇಲೆ ಇನ್ಫೋಕಾಮ್ ಕಂಪನಿ ಝಿಲ್ ಎಂಬ ಭಾಷೆಯಲ್ಲಿ ಬರೆಯಿತು. ಅದರಲ್ಲಿ ಪ್ರತಿ ವಸ್ತುವಿಗೂ ಕೋಣೆಗೂ ಒಂದು 'ಆಕ್ಷನ್' ರೂಟೀನ್ ಹೆಸರಿಸಬಹುದು. ಹಲವು ವಸ್ತುಗಳು ಒಂದೇ ರೂಟೀನಿನ ಹೆಸರು ಹೇಳಿದರೂ ನಡೆಯುತ್ತದೆ. ಆ ಆಟದ ಕಾಡಿನ ಕೋಣೆಗಳು ಹಾಗೆ ಒಂದೇ ರೂಟೀನ್ ಹಂಚಿಕೊಂಡಿವೆ. ಆಟಗಾರ ಯಾವ ವಸ್ತುವಿನ ಬಗ್ಗೆ ಹೇಳಿದ ಅನ್ನುವುದು ಒಂದು ವೇರಿಯಬಲ್‌ನಲ್ಲಿ ಬಂದು ಕೂರುತ್ತದೆ, ರೂಟೀನ್ ಅದನ್ನು ನೋಡಿಕೊಳ್ಳುತ್ತದೆ. ಅವತ್ತಿನ ಚಿಕ್ಕ ಕಂಪ್ಯೂಟರ್‌ಗಳಲ್ಲಿ ಜಾಗ ಉಳಿಸುವುದು ಅವರಿಗೆ ದೊಡ್ಡ ವಿಷಯ.


ಅಘನಾಶಿನಿ, ಕುಮಟಾ

ನಾನು ಪ್ರೋಗ್ರಾಮರ್ ಅಲ್ಲ, ಕನ್ನಡ ಶಿಕ್ಷಕಿ. ಆಟಗಳ ಮೇಲೆ ಆಸೆ. ಮಿರ್ಜಾನ್ ನಮ್ಮ ಪಕ್ಕದ ಊರು, ಚಿರೆಕಲ್ಲಿನ ಆ ಕೋಟೆಯ ಬಗ್ಗೆ ಒಂದು ಕನ್ನಡ ಆಟ ಬರುತ್ತಿದೆ ಅಂತ ಓದಿ ತುಂಬಾ ಖುಷಿಯಾಯಿತು. ತಮ್ಮಾ, ಅಲ್ಲಿ ಬಾವಿಗಳು ಎರಡಕ್ಕಿಂತ ಜಾಸ್ತಿ ಇವೆ. ಹಾಗಾಗಿ ಬಾವಿಗೂ ಟೈಪ್ ಬೇಕಾಗುತ್ತದೆ ಅಂತ ಇಟ್ಟುಕೊ.

ನನ್ನ ಪ್ರಶ್ನೆ ಬೇರೆ. ಆಟಗಾರ ಏನಂತ ಟೈಪ್ ಮಾಡುತ್ತಾನೆ? 'ಹಣತೆ ಹಚ್ಚು' ಅನ್ನಬಹುದು. 'ಹಣತೆಯನ್ನು ಹಚ್ಚು' ಅನ್ನಬಹುದು. 'ಹಣತೆನ ಹಚ್ಚು' ಅಂತಲೂ ಬರೆಯಬಹುದು. 'ಹಣತೆಗೆ ಎಣ್ಣೆ ಹಾಕು', 'ಬಾವಿಯಲ್ಲಿ ನೋಡು', 'ಬಾವಿಯಿಂದ ನೀರು ಸೇದು'. ವಸ್ತುವಿನ ಹೆಸರು 'ಹಣತೆ' ಅಂತ ಮಾತ್ರ ಕೊಟ್ಟರೆ ಆಟಕ್ಕೆ 'ಹಣತೆಯನ್ನು' ಅಂದರೆ ಏನು ಅಂತ ಹೇಗೆ ಗೊತ್ತಾಗಬೇಕು? ಇಂಗ್ಲಿಷಿನಲ್ಲಿ ಹೆಸರು ಹಾಗೇ ಇರುತ್ತದೆ. ನಮ್ಮಲ್ಲಿ ವಿಭಕ್ತಿ ಹೆಸರಿಗೇ ಅಂಟಿಕೊಳ್ಳುತ್ತದೆ. ದೀಪ ಹಚ್ಚುವ ಸ್ಕ್ರಿಪ್ಟನ್ನು ಎಲ್ಲ ದೀಪಗಳೂ ಹಂಚಿಕೊಂಡರೆ, ವಿಭಕ್ತಿಯನ್ನು ಆಟದ ಪ್ರತಿಯೊಂದು ವಸ್ತುವೂ ಹಂಚಿಕೊಳ್ಳಬೇಕು. ಅದಕ್ಕಿಂತ ದೊಡ್ಡ ಹಂಚಿಕೆ ನಿಮ್ಮ ಆಟದಲ್ಲಿ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ.


ಕಾಳಿಸಂಗಮ, ಕಾರವಾರ

ಅಕ್ಕೋರೆ, ಈಗ ಪ್ರತಿ ವಸ್ತುವಿಗೂ 'ಇತರ ಹೆಸರುಗಳು' ಪಟ್ಟಿಯಲ್ಲಿ ಕೈಯಿಂದಲೇ ಟೈಪ್ ಮಾಡುತ್ತಿದ್ದೇನೆ. ಹಣತೆ, ಹಣತೆಯನ್ನು, ಹಣತೆಗೆ, ಹಣತೆಯಲ್ಲಿ, ಹೀಗೆ. ನೀವು ಹೇಳಿದ ಮೇಲೆ ಇದನ್ನು ಒಂದು ಫಂಕ್ಷನ್ ಮಾಡಬೇಕು ಅನಿಸುತ್ತಿದೆ. ಆದರೆ ಬಾಗಿಲು 'ಬಾಗಿಲನ್ನು' ಆಗುತ್ತದೆ, ಚೀಲ 'ಚೀಲವನ್ನು' ಆಗುತ್ತದೆ, ದೊಂದಿ 'ದೊಂದಿಯನ್ನು' ಆಗುತ್ತದೆ. ನಿಯಮ ಹೇಳಿಕೊಡುತ್ತೀರಾ?


ಅಘನಾಶಿನಿ, ಕುಮಟಾ

ಪದದ ಕೊನೆಯ ಸ್ವರ ನೋಡಬೇಕು, ಅಷ್ಟೇ.

ಕೊನೆಯಲ್ಲಿ 'ಇ' ಅಥವಾ 'ಎ' ಇದ್ದರೆ ನಡುವೆ 'ಯ' ಬರುತ್ತದೆ. ದೊಂದಿಯನ್ನು, ಹಣತೆಯನ್ನು, ಬಾವಿಯಲ್ಲಿ, ಬಾವಿಯಿಂದ. 'ಗೆ' ಮಾತ್ರ ನೇರ ಅಂಟುತ್ತದೆ: ಬಾವಿಗೆ, ಹಣತೆಗೆ. ಕೊನೆಯಲ್ಲಿ 'ಅ' ಇದ್ದರೆ 'ವನ್ನು' ಬರುತ್ತದೆ, ಆಮೇಲೆ 'ಕ್ಕೆ', 'ದಲ್ಲಿ', 'ದಿಂದ'. ಚೀಲವನ್ನು, ಚೀಲಕ್ಕೆ, ಚೀಲದಲ್ಲಿ, ಚೀಲದಿಂದ. ಕೊನೆಯಲ್ಲಿ 'ಉ' ಇದ್ದರೆ ಆ ಉಕಾರ ಬಿದ್ದುಹೋಗುತ್ತದೆ. ಬಾಗಿಲನ್ನು, ಬಾಗಿಲಿಗೆ, ಬಾಗಿಲಲ್ಲಿ ಅಥವಾ ಬಾಗಿಲಿನಲ್ಲಿ, ಬಾಗಿಲಿಂದ ಅಥವಾ ಬಾಗಿಲಿನಿಂದ. ದೋಣಿಯ ಹುಟ್ಟೂ ಹಾಗೆ: ಹುಟ್ಟನ್ನು, ಹುಟ್ಟಿಗೆ.

ಮಾತಿನ ರೂಪ ಬಿಡಬೇಡ. ಜನ ಬರೆಯುವುದು ಮಾತನಾಡಿದ ಹಾಗೆ. 'ಬಾಗಿಲನ್ನ', 'ಚೀಲಾನ', 'ಹಣತೆನ'. ಇವೂ ಇದೇ ಮೂರು ಗುಂಪಿನಲ್ಲೇ ಬರುತ್ತವೆ.

ಎರಡು ಕಡೆ ಎಚ್ಚರ ಬೇಕು. ಒಂದು, ಮನುಷ್ಯರು. 'ಕಾವಲುಗಾರ' ಅಕಾರದಲ್ಲಿ ಮುಗಿದರೂ 'ಕಾವಲುಗಾರವನ್ನು', 'ಕಾವಲುಗಾರಕ್ಕೆ' ಅನ್ನುವ ಹಾಗಿಲ್ಲ. ಕಾವಲುಗಾರನನ್ನು, ಕಾವಲುಗಾರನಿಗೆ. ಎರಡು, ಹಸು, ಗುರು ಇಂಥ ಪದಗಳು. ಉಕಾರ ಬೀಳುವುದಿಲ್ಲ: ಹಸುವನ್ನು, ಗುರುವಿಗೆ. ಇಂಥವು ಕಡಿಮೆ, ಅವಕ್ಕೆ ಕೈಯಿಂದ ಬರೆ.


ತೋಟಪಟ್ಟಿ, ಶಿರಸಿ

ಅಕ್ಕೋರು ಹೇಳಿದ್ದನ್ನು ಕೋಡಿಗೆ ಇಳಿಸುವುದು ಅಂದುಕೊಂಡದ್ದಕ್ಕಿಂತ ಸುಲಭ. ಕಾರಣ ಯೂನಿಕೋಡ್, ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿ. ನಮಗೆ 'ಲು' ಒಂದು ಅಕ್ಷರವಾಗಿ ಕಾಣುತ್ತದೆ. ಕಂಪ್ಯೂಟರ್ ಒಳಗೆ ಅದು 'ಲ' ಒಂದು, ಉಕಾರದ ಚಿಹ್ನೆ ಇನ್ನೊಂದು. ಕ್ವೆಸ್ಟ್‌ನಲ್ಲಿ 'ಬಾಗಿಲು' ಪದದ ಬಲಗಡೆಯ ಒಂದು ಅಕ್ಷರ ಕೇಳಿದರೆ ಉಕಾರದ ಚಿಹ್ನೆ ಮಾತ್ರ ಸಿಗುತ್ತದೆ. ಅದನ್ನು ಕತ್ತರಿಸಿದರೆ 'ಬಾಗಿಲ' ಉಳಿಯಿತು. 'ನ್ನು' ಅಂಟಿಸಿದರೆ 'ಬಾಗಿಲನ್ನು'. ಇಕಾರ, ಎಕಾರದ ಚಿಹ್ನೆ ಸಿಕ್ಕರೆ ಕತ್ತರಿಸಬೇಡಿ, 'ಯನ್ನು' ಅಂಟಿಸಿ. ಸ್ವರಚಿಹ್ನೆಯೇ ಇಲ್ಲದೆ ಬರೀ ವ್ಯಂಜನ ಸಿಕ್ಕರೆ ಅದು ಅಕಾರ, 'ವನ್ನು' ಅಂಟಿಸಿ. 'ಪೋರ್ಚುಗೀಸ್' ಥರ ಅರ್ಧಾಕ್ಷರದಲ್ಲಿ ಮುಗಿದರೆ ಆ ಅರ್ಧದ ಚಿಹ್ನೆಯನ್ನು ಉಕಾರದ ಹಾಗೇ ಕತ್ತರಿಸಿ. ಅಲ್ಲಿಗೆ ಎಲ್ಲ ಗುಂಪೂ ಬಂತು.

ಆಟ ಶುರುವಾಗುವಾಗ ಎಲ್ಲ ವಸ್ತುಗಳ ಮೇಲೂ ಈ ಫಂಕ್ಷನ್ ಓಡಿಸಿ, ಬಂದ ರೂಪಗಳನ್ನು 'ಇತರ ಹೆಸರುಗಳು' ಪಟ್ಟಿಗೆ ಸೇರಿಸಿ. ಕೈಯಿಂದ ಬರೆದ ರೂಪ ಇದ್ದರೆ ಅದಕ್ಕೇ ಮೊದಲ ಮಾನ್ಯತೆ. ವಸ್ತು ಮನುಷ್ಯನಾ ಅನ್ನುವ ಗುರುತು ಇದ್ದರೆ ಬೇರೆ ದಾರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. 'ದೋಣಿ' ಪದದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಸಿದಾಗ ಬೇರೆ ಬೇರೆ. ಇನ್ನು 'ಮಿರ್ಜಾನ್‌ಗೆ' ಅಂತ ಬಿಡಿಸಿ ಬರೆಯುವಾಗ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಳ್ಳುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಆಟಗಾರ ಟೈಪ್ ಮಾಡಿದ್ದನ್ನು ಪಾರ್ಸರ್‌ಗೆ (ವಾಕ್ಯ ಬಿಡಿಸಿ ಅರ್ಥ ಮಾಡಿಕೊಳ್ಳುವ ಭಾಗ) ಕೊಡುವ ಮುಂಚೆ ಒಂದು ತೊಳೆಯುವ ಫಂಕ್ಷನ್ ಮೂಲಕ ಹಾಯಿಸಿ. ಬಿಡಿ ಚಿಹ್ನೆಗಳನ್ನು ಕೂಡಿಸಲಿ, ಕಾಣದ ಗುರುತು ತೆಗೆಯಲಿ. ವಸ್ತುಗಳ ಹೆಸರನ್ನೂ ಅದೇ ಫಂಕ್ಷನ್‌ನಿಂದ ತೊಳೆಯಿರಿ. ಎರಡೂ ಕಡೆ ಒಂದೇ ಫಂಕ್ಷನ್ ಇದ್ದರೆ ಮಾತ್ರ ಹೋಲಿಕೆ ಸರಿ ಬರುತ್ತದೆ. ಕೋರ್ ಲೈಬ್ರರಿಯಲ್ಲಿ ಕಮಾಂಡ್ ಪಡೆಯುವ ಫಂಕ್ಷನ್ ಇದೆ, ಅದನ್ನು ನಿಮ್ಮ ಆಟಕ್ಕೆ ಕಾಪಿ ಮಾಡಿಕೊಂಡು ಮೊದಲ ಸಾಲಿನಲ್ಲೇ ಇದನ್ನು ಸೇರಿಸಬಹುದು.


ಶರಾವತಿದಡ, ಹೊನ್ನಾವರ

ಕ್ರಿಯೆಗಳ ಬಗ್ಗೆಯೂ ಒಂದು ಮಾತು. ಎಡಿಟರ್‌ನಲ್ಲಿ ವಸ್ತುವಿಗೆ ವರ್ಬ್ ಸೇರಿಸಿದರೆ ಕ್ವೆಸ್ಟ್ ಕ್ರಿಯೆ ಮೊದಲು, ವಸ್ತು ಆಮೇಲೆ ಅಂತ ಅಂದುಕೊಳ್ಳುತ್ತದೆ. ಕನ್ನಡದಲ್ಲಿ ಯಾರೂ 'ಹಚ್ಚು ಹಣತೆ' ಅನ್ನುವುದಿಲ್ಲ. ಆದ್ದರಿಂದ ವರ್ಬ್ ಬದಲು ಕಮಾಂಡ್ ಮಾಡಿ, ಮಾದರಿಯಲ್ಲಿ ವಸ್ತು ಮೊದಲು, 'ಹಚ್ಚು' ಆಮೇಲೆ. ಆ ಕಮಾಂಡ್ ಇಡೀ ಆಟಕ್ಕೆ ಒಂದೇ. ಅದು ವಸ್ತುವಿಗೆ ಹಚ್ಚುವ ಸ್ಕ್ರಿಪ್ಟ್ ಇದೆಯಾ ನೋಡಿ, ಇದ್ದರೆ 'ಡೂ' ಮೂಲಕ ನಡೆಸುತ್ತದೆ, ಇಲ್ಲದಿದ್ದರೆ 'ಅದನ್ನು ಹಚ್ಚಲು ಆಗುವುದಿಲ್ಲ' ಅನ್ನುತ್ತದೆ.

ಎರಡು ವಸ್ತು ಬಂದಾಗ ಅಕ್ಕೋರ ವಿಭಕ್ತಿಯೇ ಕಾಪಾಡುತ್ತದೆ. 'ದಪ್ಪ ಹಗ್ಗವನ್ನು ಹಿಂದಿನ ಬಾವಿಗೆ ಇಳಿಸು'. ಮೊದಲ ವಸ್ತು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು? ನಡುವೆ ಬರೀ ಖಾಲಿ ಜಾಗ. ಆದರೆ 'ನ್ನು' ಅಂತ ಮುಗಿದದ್ದು ಮೊದಲ ವಸ್ತು, 'ಗೆ' ಅಥವಾ 'ಕ್ಕೆ' ಅಂತ ಮುಗಿದದ್ದು ಎರಡನೆಯದು. ಕಮಾಂಡಿನ ಮಾದರಿಯನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದ ಮಾದರಿ ಹೇಳುವ ಸೂತ್ರ) ಆಗಿ ಬರೆಯಲು ಕ್ವೆಸ್ಟ್ ಬಿಡುತ್ತದೆ. ಅದರಲ್ಲಿ ಈ ಪ್ರತ್ಯಯಗಳನ್ನೇ ಬೇಲಿಯಾಗಿ ಹಾಕಿ. ಪದಗಳ ಕ್ರಮ ತಿರುಗಿಸಿ 'ಬಾವಿಗೆ ಹಗ್ಗವನ್ನು ಇಳಿಸು' ಅಂದರೂ ಹಿಡಿಯುವ ಹಾಗೆ ಇನ್ನೊಂದು ಮಾದರಿ ಬರೆಯಬಹುದು.


ಅಘನಾಶಿನಿ, ಕುಮಟಾ

ಇಷ್ಟೆಲ್ಲ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾದರೆ ಇನ್ನೊಂದು ಕೇಳುತ್ತೇನೆ. ಮಾತನಾಡಿಸುವ ಸ್ಕ್ರಿಪ್ಟನ್ನು ಕಾವಲುಗಾರ, ಅರ್ಚಕರು, ಅಡುಗೆಯವಳು ಎಲ್ಲರೂ ಹಂಚಿಕೊಳ್ಳುತ್ತಾರೆ ತಾನೇ? ಆಗ ಕ್ರಿಯಾಪದದ ಕೊನೆ ಏನಾಗುತ್ತದೆ? ಕಾವಲುಗಾರ ಹೇಳಿದ. ಅಡುಗೆಯವಳು ಹೇಳಿದಳು. ಅರ್ಚಕರು ಹೇಳಿದರು. ನಾಯಿ ಬೊಗಳಿತು. ಹಂಚಿಕೊಂಡ ವಾಕ್ಯ ಎಲ್ಲರಿಗೂ 'ಹೇಳಿತು' ಅಂದರೆ ಆಟಗಾರನಿಗೆ ಕಿರಿಕಿರಿ. ರಾಣಿ ಬಂದಾಗಲಂತೂ 'ಬಂದಳು' ಅಂತ ಬರಲೇಬಾರದು. ಅವರು ಅರಸಿ, 'ಬಂದರು' ಅಂತಲೇ ಆಗಬೇಕು.


ಕಾಳಿಸಂಗಮ, ಕಾರವಾರ

ಅಕ್ಕೋರೆ, ಇದಕ್ಕೆ ತೋಟಪಟ್ಟಿಯಣ್ಣನ ದಾರಿಯೇ ಸಾಕು ಅನಿಸುತ್ತದೆ. ಪ್ರತಿ ಪಾತ್ರಕ್ಕೂ 'ಕ್ರಿಯೆಯ ಕೊನೆ' ಅಂತ ಒಂದು ಆಟ್ರಿಬ್ಯೂಟ್. ಅದರಲ್ಲಿ ನಾಲ್ಕರಲ್ಲಿ ಒಂದು: ಅವನು, ಅವಳು, ಅವರು, ಅದು. ಹಂಚಿಕೊಂಡ ವಾಕ್ಯದಲ್ಲಿ 'ಹೇಳಿದ' ಅನ್ನುವ ಬುಡ ಕೊಟ್ಟರೆ ಫಂಕ್ಷನ್ ಸರಿಯಾದ ಕೊನೆ ಸೇರಿಸುತ್ತದೆ. 'ಅದು' ಗುಂಪಿಗೆ ಮಾತ್ರ ಬುಡವೇ ಬದಲಾಗುತ್ತದೆ, 'ಹೇಳಿತು', 'ಬಂತು', 'ಹೋಯಿತು' ಹೀಗೆ ದಾರಿ ತಪ್ಪುವ ಪದಗಳು ಜಾಸ್ತಿ. ಅದಕ್ಕೆ ಒಂದು ಡಿಕ್ಷನರಿ ಮಾಡಿ, ಕ್ರಿಯಾಪದಕ್ಕೆ ಒಂದೊಂದು ರೂಪ ಬರೆದಿಡುತ್ತೇನೆ. ನನ್ನ ಆಟದಲ್ಲಿ ಪಾತ್ರಗಳು ಮಾಡುವ ಕ್ರಿಯೆಗಳೇ ಕಡಿಮೆ.

ಈಗ ಸೂಡಿಯ ವಿಷಯ. ಅದಕ್ಕೆ ಎಣ್ಣೆ ಇಲ್ಲ, ಒಣಗಿದ ತೆಂಗಿನ ಗರಿಯ ಕಟ್ಟು. ಗಾಳಿಗೆ ಆರುವುದಿಲ್ಲ, ಬೀಸಿದರೆ ಇನ್ನೂ ಜೋರಾಗಿ ಉರಿಯುತ್ತದೆ. ಉರಿದು ಮುಗಿದರೆ ಮತ್ತೆ ತುಂಬಲು ಬರುವುದಿಲ್ಲ. ದೀಪ ಟೈಪನ್ನೇ ಕೊಟ್ಟು ಅಲ್ಲಲ್ಲಿ ಬದಲಿಸಲಾ, ಬೇರೆಯೇ ಮಾಡಲಾ?


ಬೇಲೆಕೇರಿ, ಅಂಕೋಲಾ

ಬೇರೆಯೇ ಮಾಡಿ. ನಾನು ಮೊದಲು ಹೇಳಿದ್ದು ಇದಕ್ಕೇ. ಎರಡು ವಸ್ತು ಇವತ್ತು ಒಂದೇ ಥರ ಕಾಣುತ್ತವೆ ಅಂತ ಒಂದೇ ಸ್ಕ್ರಿಪ್ಟಿಗೆ ಕಟ್ಟಿದರೆ ಆಮೇಲೆ ಆ ಸ್ಕ್ರಿಪ್ಟ್ ತುಂಬಾ 'ಸೂಡಿಯಲ್ಲದಿದ್ದರೆ' ಅನ್ನುವ ಸಾಲುಗಳೇ ತುಂಬುತ್ತವೆ.


ತೋಟಪಟ್ಟಿ, ಶಿರಸಿ

ಪೂರ್ತಿ ಬೇರೆ ಬೇಡ. ಟೈಪನ್ನು ಒಡೆಯಿರಿ. ಬೆಳಕು ಕೊಡುವುದು, ಕತ್ತಲೆ ತೆಗೆಯುವುದು, ಹೊತ್ತಿರುವ ಗುರುತು, ಇದು ಎಲ್ಲಕ್ಕೂ ಸಮಾನ. ಇದು 'ಬೆಳಕು' ಟೈಪ್. ಎಣ್ಣೆ ತುಂಬುವುದು, ಗಾಳಿಗೆ ಆರುವುದು 'ಎಣ್ಣೆದೀಪ' ಟೈಪ್. ಉರಿದು ಬೂದಿಯಾಗುವುದು 'ಸುಡುವ ವಸ್ತು' ಟೈಪ್. ಹಣತೆ, ತೂಗುದೀಪ ಮೊದಲ ಎರಡನ್ನು ಇನ್ಹೆರಿಟ್ ಮಾಡುತ್ತವೆ. ಸೂಡಿ ಮೊದಲನೆಯದು, ಮೂರನೆಯದು. ಒಂದು ವಸ್ತು ಎಷ್ಟು ಟೈಪುಗಳನ್ನಾದರೂ ಇನ್ಹೆರಿಟ್ ಮಾಡಬಹುದು. ಒಂದೇ ಹೆಸರಿನ ಆಟ್ರಿಬ್ಯೂಟ್ ಎರಡು ಟೈಪಿನಲ್ಲಿ ಬರದ ಹಾಗೆ ನೋಡಿಕೊಳ್ಳಿ, ಬಂದರೆ ಯಾವುದು ನಡೆಯುತ್ತಿದೆ ಅಂತ ಹುಡುಕುವುದೇ ಕೆಲಸ ಆಗುತ್ತದೆ.

ಬೇಲೆಕೇರಿಯವರ ಎಚ್ಚರಿಕೆ ನಿಜ. ದೀಪ ಮತ್ತು ಸೂಡಿ ಎರಡಕ್ಕೂ ಒಂದೇ ದೊಡ್ಡ ಟೈಪ್ ಮಾಡಿದ್ದರೆ ಅದೇ ಆಗುತ್ತಿತ್ತು.


ಬೇಲೆಕೇರಿ, ಅಂಕೋಲಾ

ಹೀಗೆ ಒಡೆದರೆ ನನಗೂ ಒಪ್ಪಿಗೆ. ಎಣ್ಣೆ ಕಡಿಮೆಯಾಗುವುದನ್ನು ಪ್ರತಿ ದೀಪದಲ್ಲಿ ಬರೆಯಬೇಡಿ, ಒಂದೇ ಟರ್ನ್ ಸ್ಕ್ರಿಪ್ಟ್ ಸಾಕು. ಪ್ರತಿ ಸರದಿಗೆ ಎಲ್ಲ ವಸ್ತು ನೋಡಿ, ಎಣ್ಣೆದೀಪವಾಗಿದ್ದು ಹೊತ್ತಿದ್ದರೆ ಎಣ್ಣೆ ಒಂದು ಕಳೆಯಲಿ. ಎಣ್ಣೆ ಅಂದರೆ ಹೊನ್ನೆ ಎಣ್ಣೆ ಇರಲಿ, ನಮ್ಮ ಕರಾವಳಿಯಲ್ಲಿ ದೀಪಕ್ಕೆ ಅದನ್ನೇ ಹಾಕುತ್ತಿದ್ದರು. ಕಥೆಗೂ ಒಪ್ಪುತ್ತದೆ.


ಕಾಳಿಸಂಗಮ, ಕಾರವಾರ

ಹೊನ್ನೆ ಎಣ್ಣೆ ಖಂಡಿತ. ಉಗ್ರಾಣದಲ್ಲಿ ಅದರ ಒಂದು ಗಡಿಗೆಯನ್ನೂ ಇಡುತ್ತೇನೆ.

ಟೈಪುಗಳನ್ನು ಒಡೆದಿದ್ದೇನೆ. ವಿಭಕ್ತಿಯ ಫಂಕ್ಷನ್ ಬಾಗಿಲು, ಬಾವಿ, ಚೀಲ, ಹುಟ್ಟು ಎಲ್ಲಕ್ಕೂ ಸರಿಯಾಗಿ ಕೆಲಸ ಮಾಡುತ್ತಿದೆ. ಅದನ್ನೂ ತೊಳೆಯುವ ಫಂಕ್ಷನ್ನನ್ನೂ ಒಂದು ಬೇರೆ ಲೈಬ್ರರಿ ಫೈಲಿಗೆ ಹಾಕಿದ್ದೇನೆ. ಕನ್ನಡದಲ್ಲಿ ಆಟ ಮಾಡುವ ಯಾರಿಗಾದರೂ ಅದು ಹಾಗೇ ಬೇಕಾಗುತ್ತದೆ, ಕೇಳಿದವರಿಗೆಲ್ಲ ಕೊಡುತ್ತೇನೆ.

ಕೊನೆಯದಾಗಿ ಒಂದು. ಸೂಡಿ ಹಚ್ಚಿದಾಗ ಟೈಮರ್ ಶುರು ಮಾಡಿ, ಸ್ವಲ್ಪ ಹೊತ್ತಿಗೆ ಕೆಂಡ ಉದುರುವ ಮಾತು ಬರಬೇಕು. ಟೈಮರ್ ಒಳಗೆ 'ದಿಸ್' ಅಂತ ಬರೆದರೆ ಸೂಡಿ ಸಿಗುತ್ತಿಲ್ಲ.


ಶರಾವತಿದಡ, ಹೊನ್ನಾವರ

ಟೈಮರ್ ನಡೆಯುವ ಹೊತ್ತಿಗೆ ಮೊದಲಿನ ಸ್ಕ್ರಿಪ್ಟ್ ಮುಗಿದಿರುತ್ತದೆ. ಅದರ ತಾತ್ಕಾಲಿಕ ವೇರಿಯಬಲ್‌ಗಳು, 'ದಿಸ್' ಕೂಡ, ಅಲ್ಲಿಗೆ ಬರುವುದಿಲ್ಲ. ಟೈಮರ್ ಶುರು ಮಾಡುವ ಮುಂಚೆ ಗೇಮ್ ಆಬ್ಜೆಕ್ಟಿನಲ್ಲಿ (ಇಡೀ ಆಟಕ್ಕೆ ಸೇರಿದ ವಸ್ತು) 'ಉರಿಯುತ್ತಿರುವ ಸೂಡಿ' ಅಂತ ಆಟ್ರಿಬ್ಯೂಟ್ ಮಾಡಿ 'ದಿಸ್' ಅನ್ನು ಅದರಲ್ಲಿಡಿ. ಟೈಮರ್ ಒಳಗೆ ಅದನ್ನೇ ಓದಿ. ಒಟ್ಟಿಗೆ ಎರಡು ಸೂಡಿ ಉರಿಯಬಹುದು ಅಂದರೆ ಅಲ್ಲಿ ಪಟ್ಟಿ ಇಡಿ. ಟೈಮರ್ ಬದಲು ಬೇಲೆಕೇರಿಯವರ ಟರ್ನ್ ಸ್ಕ್ರಿಪ್ಟಿಗೇ ಇದನ್ನೂ ಸೇರಿಸಿದರೆ ಈ ತೊಂದರೆಯೇ ಇಲ್ಲ. ನಿಧಾನವಾಗಿ ಟೈಪ್ ಮಾಡುವವರಿಗೂ ಅದು ಒಳ್ಳೆಯದು, ಅವರು ಯೋಚಿಸುತ್ತಾ ಕೂತಾಗ ಸೂಡಿ ಉರಿದುಹೋಗುವುದಿಲ್ಲ.

ಆಟ ಪರೀಕ್ಷೆ ಮಾಡುವಾಗ ಇದು ನೆನಪಿರಲಿ: ಕ್ವೆಸ್ಟ್ 5 ಆಟ ಸೇವ್ ಮಾಡಿದಾಗ ಸ್ಕ್ರಿಪ್ಟುಗಳ ಸಮೇತ ಇಡೀ ಆಟವನ್ನೇ ಸೇವ್ ಫೈಲಿಗೆ ಬರೆಯುತ್ತದೆ. ನೀವು ಟೈಪಿನಲ್ಲೋ ಫಂಕ್ಷನ್‌ನಲ್ಲೋ ಬದಲಾವಣೆ ಮಾಡಿ ಹಳೆಯ ಸೇವ್ ತೆರೆದರೆ ಹಳೆಯ ಸ್ಕ್ರಿಪ್ಟೇ ಓಡುತ್ತದೆ. ಹಂಚಿಕೊಂಡ ಸ್ಕ್ರಿಪ್ಟ್ ಮುಟ್ಟಿದಾಗಲೆಲ್ಲ ಆಟವನ್ನು ಮೊದಲಿನಿಂದ ಶುರು ಮಾಡಿಯೇ ನೋಡಿ.


ಕಾಳಿಸಂಗಮ, ಕಾರವಾರ

ಟರ್ನ್ ಸ್ಕ್ರಿಪ್ಟಿಗೇ ಹಾಕುತ್ತೇನೆ. ಹೆಬ್ಬಾಗಿಲಿನಿಂದ ಉಗ್ರಾಣದವರೆಗಿನ ಭಾಗ ಆಡಲು ಸಿದ್ಧವಿದೆ. ಅಕ್ಕೋರೆ, ನಿಮ್ಮ ಶಾಲೆಯ ಮಕ್ಕಳು ಆಡಿ ನೋಡಿದರೆ ಅವರು ಟೈಪ್ ಮಾಡಿದ್ದರಲ್ಲಿ ಆಟಕ್ಕೆ ಅರ್ಥವಾಗದ ವಾಕ್ಯಗಳನ್ನೆಲ್ಲ ಬರೆದು ಕಳಿಸುತ್ತೀರಾ? ವಿಭಕ್ತಿಯ ಫಂಕ್ಷನ್‌ಗೆ ಇನ್ನೂ ಯಾವ ರೂಪಗಳು ಬೇಕು ಅನ್ನುವುದು ಅವರಿಂದಲೇ ಗೊತ್ತಾಗುತ್ತದೆ.


ಅಘನಾಶಿನಿ, ಕುಮಟಾ

ಕಳಿಸು ತಮ್ಮಾ. ಮನೆಯಲ್ಲಿ ಕೊಂಕಣಿ ಮಾತನಾಡುವ ಮಕ್ಕಳೂ ಇದ್ದಾರೆ, ಹವ್ಯಕರ ಮಕ್ಕಳೂ ಇದ್ದಾರೆ. ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಎಲ್ಲವನ್ನೂ ಹಾಗೇ ಬರೆದು ಕಳಿಸುತ್ತೇನೆ, ಒಂದನ್ನೂ ತಿದ್ದುವುದಿಲ್ಲ.